ಬೀಗರೂಟ ಉಂಡವರು

ಅರಕಲಗೂಡು ಕಡೆಯ ಹಳ್ಳಿಯೊಂದರಲ್ಲಿ ನಾನು ಹೈಸ್ಕೂಲ್ ಮೇಡಂ. ಇಲ್ಲಿ ಮದುವೆಗೆ ಹೋಗದಿದ್ದರೂ ನಡೆಯುತ್ತದೆ, ಮಾರನೆಯ ದಿನ ಬಾಡೂಟ ಹಾಕುವ ಬೀಗರೂಟ ತಪ್ಪಿಸಿದರೆ ಮುನಿಸು. ಒಂಬತ್ತನೇ ತರಗತಿ ಮುಗಿದ ವಾರವೇ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಸೋದರಮಾವನಿಗೆ ಕೊಟ್ಟರು. ಸುದ್ದಿ ನನಗೆ ತಿಳಿಯುವಷ್ಟರಲ್ಲಿ ತಾಳಿ ಕಟ್ಟಿಯಾಗಿತ್ತು. ಮನೆಗೆ ಹೋಗಿ ಕೂಗಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ನಮ್ಮ ಹೆಡ್‌ಮಾಸ್ಟರು ಮಾತ್ರ ಬೀಗರೂಟದ ಮೊದಲ ಪಂಕ್ತಿಯಲ್ಲೇ ಕೂತು ಉಂಡು, ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಹಲ್ಲಿಗೆ ಕಡ್ಡಿ ಹಾಕುತ್ತಾ ನಲ್ಲಿಮೂಳೆಯ ರುಚಿ ವರ್ಣಿಸಿದರು.

ವರ್ಷ ಕಳೆದು ಆ ಹುಡುಗಿ ಹತ್ತನೇ ತರಗತಿಗೆ ಸೇರಲು ಬಂದಳು. ಜೊತೆಗೆ ತಾಯಿ, ತಾಯಿಯ ತೋಳಲ್ಲಿ ಮೂರು ತಿಂಗಳ ಮೊಮ್ಮಗು. ಬಿಸಿಯೂಟದ ಹೊತ್ತಿಗೆ ಅಜ್ಜಿ ಮಗುವನ್ನು ತರುವುದು, ಇವಳು ಹಾಲು ಕೊಟ್ಟು ಮತ್ತೆ ಕ್ಲಾಸಿಗೆ ಹೋಗುವುದು ಎಂದು ನನ್ನೊಂದಿಗೆ ಮೊದಲೇ ಮಾತಾಗಿತ್ತು. ಅದಕ್ಕೆಂದು ನಾನು ಲ್ಯಾಬಿನ ಪಕ್ಕದ ಕೋಣೆ ಗುಡಿಸಿಟ್ಟಿದ್ದೆ.

ಹೆಡ್‌ಮಾಸ್ಟರ ಕಣ್ಣು ಹುಡುಗಿಯ ಪಾದದ ಮೇಲೆ ನಿಂತಿತು.

"ಕಾಲುಂಗ್ರ ಹಾಕ್ಕೊಂಡು ಕ್ಲಾಸಲ್ಲಿ ಕೂತ್ರೆ ಮಿಕ್ಕಿದ್ ಹುಡ್ಗೀರು ಕೆಟ್ಟೋಗ್ತಾರೆ ಕಣಮ್ಮ. ಮನೇಲೇ ಓದ್ಕೊಂಡು ಪ್ರೈವೇಟಾಗಿ ಪರೀಕ್ಷೆ ಕಟ್ಟು."

"ಮನೇಲಿ ಯಾರ್ ಓದುಸ್ತಾರೆ ಸಾ? ಒಗೆಸೊಪ್ಪು ಕಟ್ಟೋಕ್ ಕೂರುಸ್ತಾರೆ ಅಷ್ಟೆ" ಎಂದಳು ಹುಡುಗಿ.

ತಾಯಿ ಗಾಬರಿಯಾದಳು. "ಕಾಲುಂಗ್ರ ತೆಗುಸ್ಬುಟ್ಟು ಕಳುಸ್ತೀನಿ ಬುಡಿ ಸಾ."

"ತಗಿಯಾಕಿಲ್ಲ ಕಣವ್ವ." ಹುಡುಗಿ ಹೆಡ್‌ಮಾಸ್ಟರ ಕಡೆ ತಿರುಗಿದಳು. "ಬೀಗ್ರೂಟದ್ ದಿನ ನಿಮ್ಮ ಕಾಲಿಗೆ ಬಿದ್ನಲ್ಲ ಸಾ. ಚೆನ್ನಾಗ್ ಬಾಳವ್ವ ಅಂದ್ರಿ. ಅವತ್ತೂ ಇದೇ ಕಾಲುಂಗ್ರ ಇತ್ತು."

ಹೆಡ್‌ಮಾಸ್ಟರು ಸೇರ್ಪಡೆಯ ಅರ್ಜಿ ಎಳೆದುಕೊಂಡು ಸಹಿ ಹಾಕಿದರು. ಉಂಡ ಬಾಯಲ್ಲೇ ಹೇಸಿಗೆಯ ಮಾತಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ, ಆದರೆ ಮಗುವಿನ ಮುಂದೆಯೇ ಮಗುವಿನ ತಾಯಿಯನ್ನು ಕೆಟ್ಟ ಹುಳುವಿನಂತೆ ನೋಡಿದ ಆ ಮುಖವನ್ನು ಈಗಲೂ ಮರೆಯಲಾರೆ.

ಹುಡುಗಿ ಈಗ ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಮಧ್ಯಾಹ್ನದ ಗಣಿತಕ್ಕೆ ಒಂದು ದಿನವೂ ತಡವಾಗಿಲ್ಲ.

ಕಳೆದ ವಾರ ಊರಿನವರೊಬ್ಬರು ಸ್ಟಾಫ್ ರೂಮಿಗೆ ಬಂದು ಮಗಳ ಮದುವೆಗೆ ಕರೆದರು. "ಭಾನ್ವಾರ ಧಾರೆ, ಸೋಮ್ವಾರ ಬೀಗ್ರೂಟ. ಎಲ್ರೂ ಬಂದ್ಬುಡಿ ಸಾ." ಮಗಳು ನಮ್ಮದೇ ಒಂಬತ್ತನೇ ತರಗತಿಯವಳು.

ಅವರು ಅತ್ತ ಹೋದದ್ದೇ ಹೆಡ್‌ಮಾಸ್ಟರು ಕೇಳಿದರು, "ಸೋಮವಾರ ಮಧ್ಯಾಹ್ನ ಯಾರ್ಯಾರಿಗೆ ಕ್ಲಾಸಿದೆ ಮೇಡಂ?"

ನಾನು ಅವರೆದುರೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿದೆ.