ಭಾನುವಾರದ ತೂಕ

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಗೂಡು ಒರೆಸಲೆಂದು ಡಬ್ಬಿಗಳನ್ನೆಲ್ಲ ಇಳಿಸಿದೆ. ಜೀರಿಗೆ ಡಬ್ಬಿಯ ಅಡಿಗೆ ಹಾಸಿದ್ದ ಕಾಗದ ಎಣ್ಣೆ, ಅರಿಸಿನ ಕುಡಿದು ಮೆತ್ತಗಾಗಿತ್ತು. ಎಳೆದು ಮಗುಚಿದರೆ ಹಳೆಯ ಕ್ಯಾಲೆಂಡರಿನ ಹಾಳೆ. ಭಾನುವಾರದ ಕೆಂಪು ಅಂಕಿಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣಗೆ ಏನೋ ಬರೆದಿತ್ತು. ಬಾಳಗಡಿಯ ಕಾಲೇಜಿಗೆ ಹೊರಟಿದ್ದ ಮಗಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಅದೆಂತ ಅಮ್ಮ, ಕಾಳುಮೆಣಸಿನ ತೂಕವಾ?” ಎಂದಳು.

“ಅಲ್ಲ, ನಿಂದು” ಎಂದೆ. ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿ ಅವಳು ಓಡಿದಳು. ನಾನು ಡಬ್ಬಿಗಳ ನಡುವೆ ಹಾಗೇ ಕುಳಿತುಬಿಟ್ಟೆ.

ಮಗಳು ಹುಟ್ಟಿದಾಗ ಅವಳ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಬಾಯೊಳಗೆ ಅಂಗುಳವೂ ಕೂಡಿರಲಿಲ್ಲ. ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು: ಮಗು ಐದು ಕೆ.ಜಿ. ಆಗಲಿ, ತುಟಿ ಹೊಲಿಯುತ್ತೇವೆ. ವರ್ಷ ತುಂಬುವ ಹೊತ್ತಿಗೆ ಅಂಗುಳ. ಜಯಪುರದಲ್ಲಿ ಊರವರ ರವಿಕೆಯನ್ನೆಲ್ಲ ಹೊಲಿಯುವವಳು ನಾನು. ಹೊಲಿಯುವುದು ಎಂಬ ಮಾತಿಗೆ ಹೆದರಿದ್ದು ಅದೇ ಮೊದಲು.

ಆದರೆ ಐದು ಕೆ.ಜಿ. ಆಗುವುದು ಹೇಗೆ? ಚೀಪಲು ಬಾರದ ಮಗು. ಪೇಟೆಯಲ್ಲಿ ಸಿಕ್ಕಿದ ಬಾಟಲಿಗಳನ್ನೆಲ್ಲ ತಂದು ನೋಡಿದೆವು. ಕೊನೆಗೆ ನಮ್ಮ ಅತ್ತೆ ದೇವರ ಗೂಡಿನಲ್ಲಿ ದೀಪಕ್ಕೆ ಎಣ್ಣೆ ಹಾಕಲು ಇಟ್ಟುಕೊಂಡಿದ್ದ ಬೆಳ್ಳಿಯ ಒಳಲೆ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುದಿಸಿ ತಂದರು. “ನಿನ್ನ ಗಂಡ ಕುಡ್ದದ್ದೂ ಇದ್ರಲ್ಲೇ” ಎಂದರು. ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಒಳಲೆಯ ಮೂತಿಯಿಂದ ಕೆನ್ನೆಯ ಒಳಬದಿಗೆ ತೊಟ್ಟು ತೊಟ್ಟಾಗಿ ಹಿಂಡಿದ ಹಾಲು ಬಿಡಬೇಕು. ಅರ್ಧ ಗಂಟೆಗೆ ಅರ್ಧ ಲೋಟ. ಅದರಲ್ಲೂ ಸ್ವಲ್ಪ ಮೂಗಿನಿಂದ ವಾಪಸ್.

ಪಕ್ಕದ ಮನೆಯವರೊಬ್ಬರು ನೋಡಲು ಬಂದು, “ಗ್ರಹಣದ ದಿನ ಇವ್ಳು ಅಡಕೆ ಕತ್ತರಿಸಿದ್ಲಾ?” ಎಂದು ಮೆಲ್ಲಗೆ ಕೇಳಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, “ಅವ್ಳು ಮಲಗಿದ್ಲು. ಕತ್ತರಿಸಿದ್ದು ನಾನು. ಸೀಳೂದಾದ್ರೆ ನನ್ನ ತುಟಿ ಸೀಳ್ಬೇಕಿತ್ತಲ್ದಾ?” ಎಂದರು. ಬಂದವರು ಕಾಫಿಗೂ ಕಾಯದೆ ಹೋದರು. ಅತ್ತೆಗಿದ್ದ ಆ ಧೈರ್ಯ ನನಗಿರಲಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟರೆ ಮಗುವಿನ ಮುಖಕ್ಕೆ ಸೆರಗು ಎಳೆಯುತ್ತಿದ್ದೆ. ಬಿಸಿಲು ಅನ್ನುತ್ತಿದ್ದೆ, ಧೂಳು ಅನ್ನುತ್ತಿದ್ದೆ. ಮೋಡ ಕವಿದ ದಿನ ಏನು ಹೇಳುತ್ತಿದ್ದೆನೋ ನೆನಪಿಲ್ಲ.

ನಮ್ಮವರು ಅಡಕೆ, ಮೆಣಸಿನ ಮಂಡಿಯಲ್ಲಿ ತೂಕ ಮಾಡುವವರು. ಮಂಡಿಗೆ ರಜೆಯಿದ್ದ ಭಾನುವಾರ ಸಾಹುಕಾರರಿಂದ ಬೀಗದ ಕೈ ತಂದು, ಹಿಂದಿನ ಬಾಗಿಲಿನಿಂದ ನಮ್ಮನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಯಾರೂ ಇಲ್ಲದ ದಿನವೇ ಆಗಬೇಕೆಂದು ಹಟ ಹಿಡಿದವಳು ನಾನು. ತಕ್ಕಡಿಯ ಒಂದು ತಟ್ಟೆಗೆ ಟವೆಲ್ ಹಾಸಿ ಮಗುವನ್ನು ಮಲಗಿಸಿ, ಇನ್ನೊಂದಕ್ಕೆ ತೂಕದ ಕಲ್ಲು ಇಡುವುದು. ತಟ್ಟೆ ತೂಗಿ ಮೇಲೆದ್ದಾಗ ಅವಳು ಒಂದು ದಿನ ನಕ್ಕಳು. ಎಂಥ ನಗು ಅಂತೀರಿ! ಸೀಳು ಎರಡೂ ಕಡೆಗೆ ತೆರೆದುಕೊಂಡು, ಮುಖದಲ್ಲಿ ಬೇರೆ ಯಾವುದಕ್ಕೂ ಜಾಗವೇ ಇಲ್ಲದಷ್ಟು ಅಗಲ. ಬಾಯಿ ಬಿಟ್ಟು ಎರಡು ಮಾತಾಡದ ನಮ್ಮವರು ಕಲ್ಲು ಕೈಯಲ್ಲಿ ಹಿಡಿದೇ ನಿಂತರು. ಆಮೇಲೆ ಪ್ರತಿ ವಾರ ತೂಕ ಆದ ಮೇಲೂ ತಟ್ಟೆಯನ್ನು ತೊಟ್ಟಿಲಿನಂತೆ ನಾಲ್ಕು ಸಲ ತೂಗುತ್ತಿದ್ದರು.

ತೂಕ ಮಾತ್ರ ಆಮೆನಡಿಗೆ. ಮನೆಗೆ ಬಂದು ಅವರು ಕ್ಯಾಲೆಂಡರಿನಲ್ಲಿ ಬರೆಯುವುದು, ನಾನು ನೋಡಿ ಮುಖ ತಿರುಗಿಸುವುದು. ನನ್ನ ಹಾಲೇ ಸರಿಯಿಲ್ಲ, ನನ್ನ ಕೈಯೇ ಸರಿಯಿಲ್ಲ ಎಂದು ಅತ್ತದ್ದಕ್ಕೆ ಲೆಕ್ಕವಿಲ್ಲ. ಆಸ್ಪತ್ರೆಗೆ ಹೋಗುವ ಮುಂಚಿನ ಭಾನುವಾರ ಅವರು ಬರೆದದ್ದು ನಾಲ್ಕು ಕೆ.ಜಿ. ಎಂಟುನೂರೈವತ್ತು. ಹೇಗೂ ವಾಪಸ್ ಕಳಿಸುತ್ತಾರೆಂದು ನಾನು ಬಟ್ಟೆಯನ್ನೂ ಸರಿಯಾಗಿ ತುಂಬಿಕೊಳ್ಳಲಿಲ್ಲ.

ಅಲ್ಲಿ ನರ್ಸ್ ಮಗುವನ್ನು ತೂಕಕ್ಕಿಟ್ಟು, “ಐದು ಕೆ.ಜಿ. ಐವತ್ತು” ಎಂದರು. ನಾನು ಇನ್ನೊಮ್ಮೆ ಇಡಿ ಎಂದೆ. ಮತ್ತೂ ಅಷ್ಟೇ. ನಮ್ಮವರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

“ನೀವು ಎಂತ ತೂಕ ಮಾಡಿದ್ದು?”

“ಟವೆಲಿಂದು ಕಳ್ದೆ.”

“ಅದು ನಂಗೂ ಗೊತ್ತು. ಮತ್ತೆ?”

“ಆಗಷ್ಟೇ ಕುಡ್ದಿರ್ತಿತ್ತಲ್ಲ, ಹಾಲಿಂದು ಒಂದು ನೂರು ಗ್ರಾಂ ಕಳ್ದೆ. ಹಸಿ ಮೆಣಸಿಗೆ ತೇವ ಕಳೀತೇವಲ್ಲ, ಹಾಗೆ.”

“ಇನ್ನೊಂದು ನೂರು?”

“ಹೆದ್ರಿಕೆ ಮಾರಾಯ್ತಿ” ಎಂದರು. “ಜಾಸ್ತಿ ಬರ್ದು ಇಲ್ಲಿ ಕಮ್ಮಿ ಬಂದ್ರೆ ನೀ ತಡ್ಕಳ್ತಿರ್ಲಿಲ್ಲ.”

ನನ್ನನ್ನು ತಿಂಗಳುಗಟ್ಟಲೆ ಅಳಿಸಿದ್ದಕ್ಕೆ ಜಗಳ ತೆಗೆಯಬೇಕಿತ್ತು. ಆದರೆ ಅವರು ಇನ್ನೂ ಕಿಟಕಿಯ ಕಡೆಯಿಂದ ಮುಖ ತಿರುಗಿಸಿರಲಿಲ್ಲ. ನಾನು ಬೈಯಲಿಲ್ಲ.

ಹೊಲಿಗೆ ಚೆನ್ನಾಗಿ ಬಂತು. ಕಸುಬಿನವಳಾದ್ದರಿಂದ ಹೇಳುತ್ತೇನೆ, ಬಹಳ ಚೆನ್ನಾಗಿ ಬಂತು. ಮಗುವನ್ನು ಸೆರಗಿಲ್ಲದೆ ಎತ್ತಿಕೊಂಡು ಜಯಪುರದಲ್ಲಿ ಬಸ್ಸಿಳಿದೆ. ಕೆಲವು ದಿನ ಬಿಟ್ಟು ಅವಳು ನಕ್ಕಳು. ಚೆಂದದ, ಚಿಕ್ಕ, ಎಲ್ಲ ಮಕ್ಕಳಂಥ ನಗು. ನಾನು ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ. ನನಗೆ ಆ ಹಳೆಯ ನಗು ಬೇಕಿತ್ತು. ಅದರದೊಂದು ಫೋಟೊ ಕೂಡ ಇಲ್ಲ. ತೆಗೆಯುವುದು ಬೇಡ ಎಂದವಳು ನಾನೇ. ಲೋಕದಲ್ಲಿ ಮೂರು ಜನ ನೋಡಿದ ನಗುವನ್ನು ಉಳಿದವರಿಗೆ ಕಾಣದಂತೆ ಮುಚ್ಚಿಟ್ಟಿದ್ದೆ. ಆಮೇಲೆ ಆ ಹಾಳೆಯನ್ನೂ ಬರಹದ ಬದಿ ಕೆಳಗಾಗಿ ಗೂಡಿಗೆ ಹಾಸಿದೆ.

ಸಂಜೆ ಮಗಳು ಬಂದಾಗ ಕಾಫಿ ಕುಡಿಯುತ್ತಾ ಇದಿಷ್ಟನ್ನೂ ಹೇಳಿದೆ. ಸೆರಗಿನ ವಿಷಯ ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ನನ್ನ ಸೆರಗಿನ ತುದಿಯನ್ನೇ ಎಳೆದುಕೊಂಡು ಬಾಯಿ ಒರೆಸಿ, “ಹೇಗಿತ್ತು ಆ ನಗು?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಎರಡು ಬೆರಳಿನಿಂದ ತಮ್ಮ ಮೀಸೆಯನ್ನು ಅತ್ತಿತ್ತ ಎಳೆದು ತೋರಿಸಿದರು. ನರೆತ ಮೀಸೆಯ ಆ ಅವತಾರ ನೋಡಿ ಅವಳು ಗೊಳ್ಳೆಂದು ನಕ್ಕಳು. ಆಮೇಲೆ ಹಾಳೆ ಎತ್ತಿಕೊಂಡು ಗಂಭೀರವಾಗಿ ಕೇಳಿದಳು:

“ಅಪ್ಪ, ಹಾಲಿಂದು ಯಾಕೆ ಕಳ್ದೆ? ಕುಡ್ದ ಮೇಲೆ ಅದು ನಂದೇ ಅಲ್ದಾ?”

ಇಷ್ಟು ವರ್ಷ ತೂಕ ಮಾಡಿದವರು, “ಹೌದು, ನಿಂದೇ” ಎಂದು ಲೋಟ ತೊಳೆಯಲು ಎದ್ದುಹೋದರು.

ಹಾಳೆಯನ್ನು ಮತ್ತೆ ಗೂಡಿಗೇ ಹಾಸಿದ್ದೇನೆ, ಈ ಸಲ ಬರಹದ ಬದಿ ಮೇಲಾಗಿ. ಜೀರಿಗೆ ಡಬ್ಬಿಯನ್ನು ಭಾನುವಾರಗಳ ಮೇಲೆ ಬಾರದಂತೆ ಸ್ವಲ್ಪ ಸರಿಸಿಟ್ಟೆ.