ಸ್ಕ್ರೂ ಮೇಲಿನ ಕೆಂಪು ಗೆರೆ

ನಮ್ಮ ದೊಡ್ಡಪ್ಪನನ್ನು ಬೀದಿಯವರೆಲ್ಲ ಕಿವಿ ಮೇಸ್ತ್ರಿ ಎನ್ನುತ್ತಾರೆ. ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿ ನಿಂತರೆಂದರೆ ಗಿರಾಕಿಗಳು ಉಸಿರು ಬಿಗಿಹಿಡಿಯಬೇಕು. ಪಿಟಕ್ಕೆಂದವರಿಗೆ ಬೈಗುಳ ಗ್ಯಾರಂಟಿ. ಹಳೆಯ ಗಾಡಿಗಳೇ ಅವರ ಪಾಲು. ಹೊಸವಕ್ಕೆ ಹೊಟ್ಟೆನೋವು ಬಂದರೆ ಹೇಳಿಕೊಳ್ಳುವುದಕ್ಕೂ ಕಂಪ್ಯೂಟರ್ ಬೇಕು ಎಂದು ಮೂಗು ಮುರಿಯುತ್ತಾರೆ. ಎಲ್ಲೂ ಸಿಗದ ಬಿಡಿಭಾಗ ಹುಡುಕಿ ತರುವುದು ನನ್ನ ಕೆಲಸ. ಫೋನಿನಲ್ಲಿ ನನ್ನ ದನಿ ಕೇಳಿದರೆ ಸಾಕು, ಅರ್ಧ ಗುಜರಿಯವರು ಇವತ್ತು ಅಂಗಡಿ ಮುಚ್ಚಿದೆ ಎನ್ನುತ್ತಾರೆ. ಅಷ್ಟು ಒಳ್ಳೆಯ ಹೆಸರು ನನ್ನದು.

ದೊಡ್ಡಪ್ಪ ನನಗೆ ಕಲಿಸಿದ ಮೊದಲ ಪಾಠ, ಗಾಡಿ ಹೇಗೆ ನಿಂತಿತು ಎಂದು ಕೇಳುವುದು. ಕೆಮ್ಮಿ, ಮುಗ್ಗರಿಸಿ ನಿಂತರೆ ಪೆಟ್ರೋಲಿನ ತಕರಾರು. ಆಡುತ್ತಿದ್ದ ಮಾತು ಅರ್ಧಕ್ಕೆ ನಿಂತ ಹಾಗೆ ತಟ್ಟನೆ ನಿಂತರೆ ಕಿಡಿಯ ತಕರಾರು. ಈ ಪಾಠ ಹೇಳುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು.

ನಾನಿನ್ನೂ ಫ್ರಾಕು ಹಾಕುತ್ತಿದ್ದ ಕಾಲದಲ್ಲಿ ನಮ್ಮಪ್ಪನ ಕಾರು ರೈಲ್ವೆ ಹಳಿಯ ಮೇಲೆ ನಿಂತುಹೋಯಿತು. ಕೆಮ್ಮಲೂ ಇಲ್ಲ, ತಟ್ಟನೆ ನಿಂತಿತು ಎಂದು ಗೇಟು ಕಾಯುವವನು ಕಂಡವರಿಗೆಲ್ಲ ಹೇಳಿದ. ಅವನು ಕೂಗಿಕೊಂಡು ಓಡಿ ಬರುವಷ್ಟರಲ್ಲಿ ರೈಲು ಬಂದುಬಿಟ್ಟಿತ್ತು. ಅಂದು ಬೆಳಿಗ್ಗೆಯೇ ಆ ಕಾರಿನ ಪಾಯಿಂಟ್ ಕೂರಿಸಿಕೊಟ್ಟವರು ದೊಡ್ಡಪ್ಪ. ಪಾಯಿಂಟ್ ಎಂದರೆ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯೊಳಗೆ ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ತುಟಿಗಳು. ಅವುಗಳ ನಡುವಿನ ಸಂದನ್ನು ಒಂದೇ ಒಂದು ಸ್ಕ್ರೂ ಹಿಡಿದಿಡುತ್ತದೆ. ಅದು ಸಡಿಲವಾಗಿ ಸಂದು ಮುಚ್ಚಿತೋ, ಕಿಡಿ ಇಲ್ಲ, ಗಾಡಿ ಅಲ್ಲೇ ಹೆಣ. ಅದನ್ನು ತಾನೇ ಸರಿಯಾಗಿ ಬಿಗಿದಿರಲಿಲ್ಲ ಎಂದು ದೊಡ್ಡಪ್ಪ ತೀರ್ಮಾನಿಸಿಬಿಟ್ಟರು. ಅವರ ಮೇಲೆ ಬೇರೆ ಯಾರೂ ಬೊಟ್ಟು ಮಾಡಲಿಲ್ಲ. ಅವರೇ ಮಾಡಿಕೊಂಡರು.

ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಕೆಳಗಿನ ತಗಡಿನವರೆಗೆ ಒಂದು ಗೆರೆ ಎಳೆಯುವುದು ಅವರ ರೂಢಿ. ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಗುಟ್ಟು ರಟ್ಟಾಗುತ್ತದೆ. ಆಗೆಲ್ಲ ಅಮ್ಮನ ಕೆಂಪು ನೇಲ್ ಪಾಲಿಶ್ ಇಸಿದುಕೊಂಡು ಎಳೆಯುತ್ತಿದ್ದರಂತೆ. ಅಪ್ಪ ಹೋದ ಮೇಲೆ ಅಮ್ಮ ಉಗುರಿಗೆ ಬಣ್ಣ ಹಚ್ಚಲಿಲ್ಲ, ದೊಡ್ಡಪ್ಪ ಕೆಂಪು ಮುಟ್ಟಲಿಲ್ಲ. ಈಗ ಬಿಳಿ ಪೇಂಟು. ಅವತ್ತು ಗೆರೆ ಎಳೆದೆನೋ ಇಲ್ಲವೋ ನೆನಪೇ ಇಲ್ಲ ಎಂದು ಒಮ್ಮೆ ನನ್ನ ಹತ್ತಿರ ಅಂದಿದ್ದರು. ಮತ್ತೆ ಆ ಮಾತೆತ್ತಲಿಲ್ಲ.

ಅಪ್ಪನ ಆ ಕಾರನ್ನು ದೊಡ್ಡಪ್ಪ ತಂದು ಗ್ಯಾರೇಜಿನ ಹಿಂದೆ ತಗಡಿನ ಸೂರಿನಡಿ, ಟಾರ್ಪಾಲು ಹೊದಿಸಿ ಇಟ್ಟಿದ್ದಾರೆ. ಬಾಗಿಲಿಂದ ಹಿಂದಕ್ಕೆ ನುಜ್ಜುಗುಜ್ಜು. ಮುಂಭಾಗಕ್ಕೆ ಗೀರೂ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದ್ದರೆ ನಿಜ ಗೊತ್ತಾಗುತ್ತಿತ್ತು. ಊರಿನ ಗಾಡಿಗಳ ರೋಗವನ್ನೆಲ್ಲ ಹಿಡಿದ ಮನುಷ್ಯ ಅದೊಂದನ್ನು ಮಾತ್ರ ಬಿಚ್ಚಲಿಲ್ಲ. ಟಾರ್ಪಾಲು ಗಾಳಿಗೆ ಪಟಪಟ ಎಂದರೆ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಲ್ಲುತ್ತಿತ್ತು. ಗಿರಾಕಿಗಳು ಎಂಜಿನ್ ಆರಿಸಿದಾಗಲೆಲ್ಲ, ಆ ದಿಢೀರ್ ಮೌನಕ್ಕೆ ದೊಡ್ಡಪ್ಪನ ಹೆಗಲು ಸೆಟೆದುಕೊಳ್ಳುತ್ತಿತ್ತು. ನೋಡಿ ನೋಡಿ ನನಗೂ ಅದೇ ರೋಗ ಅಂಟಿತು.

ಮನೆಯಲ್ಲಿ ಅಮ್ಮ ದೊಡ್ಡಪ್ಪನ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ಅವರು ಎದುರಿಗೇ ಕೂತಿದ್ದರೂ, ನಿಮ್ಮ ದೊಡ್ಡಪ್ಪನಿಗೆ ಹೇಳು, ಊಟ ಆರುತ್ತಿದೆ ಎನ್ನುತ್ತಾಳೆ. ನಾನೇ ಇವರಿಬ್ಬರ ನಡುವಿನ ಟಪಾಲು. ಅಪ್ಪನ ಬಗ್ಗೆ ಕೇಳಿದರೆ ಅಮ್ಮ ಹೇಳುವುದು ಒಂದೇ: ಕೊನೆಕೊನೆಗೆ ಊಟ ಸೇರುತ್ತಿರಲಿಲ್ಲ, ಗೋಡೆ ನೋಡುತ್ತಾ ಕೂತಿರುತ್ತಿದ್ದರು. ಅಷ್ಟು ಹೇಳಿ ಎದ್ದುಹೋಗುತ್ತಾಳೆ.

ಹೀಗಿರುವಾಗ ನಮ್ಮ ಬೀದಿಯ ನರ್ಸಮ್ಮನ ಕಾರು ಬಂತು. ಅಪ್ಪನ ಕಾರಿನದೇ ಮಾದರಿ. ಕಾಯಿಲೆಯ ತಂಗಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಆ ಮುದುಕಿಗೆ ಇದ್ದದ್ದು ಅದೊಂದೇ. ಬಿಸಿಯಾದರೆ ಎಂಜಿನ್ ತಟ್ಟನೆ ನಿಲ್ಲುತ್ತಿತ್ತು. ದೊಡ್ಡಪ್ಪ ಕಿವಿಗೊಟ್ಟರು, ವೈರಿಗೆ ಬಲ್ಬು ಹಿಡಿದು ಕರೆಂಟು ನೋಡಿದರು. ಡಿಸ್ಟ್ರಿಬ್ಯೂಟರ್ ಸವೆದು ಅದರೊಳಗೆ ತಿರುಗುವ ಶಾಫ್ಟೇ ಅಲುಗುತ್ತಿತ್ತು. ಹೊಸದು ತಯಾರಾಗುವುದು ನಿಂತು ಯಾವ ಕಾಲವಾಯಿತೋ. ನಾನು ಗುಜರಿಗಳನ್ನೆಲ್ಲ ಜಾಲಾಡಿದೆ. ಸಿಕ್ಕಿದ್ದೆಲ್ಲ ಒಂದೋ ಒಡೆದದ್ದು, ಇಲ್ಲ ತುಕ್ಕು ತಿಂದದ್ದು. ಕಾಲು ನೋಯಿಸಿಕೊಂಡು ಬರಿಗೈಯಲ್ಲಿ ವಾಪಸಾದಾಗ ಟಾರ್ಪಾಲಿನ ಸದ್ದು ಕೇಳಿ ನನ್ನ ಪಿತ್ತ ನೆತ್ತಿಗೇರಿತು.

"ದೊಡ್ಡಪ್ಪ, ಹಿಂದೆ ಒಂದಿದೆ. ನಾನೇ ಬಿಚ್ಲಾ, ನೀವೇ ಬಿಚ್ತೀರಾ?"

ಅವರು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ನಿಮ್ಮ ತಪ್ಪೋ ಅಲ್ಲವೋ ಇವತ್ತು ಗೊತ್ತಾಗಲಿ, ಈ ದೆವ್ವವನ್ನು ನಾನಿನ್ನು ಸಾಕಲಾರೆ ಎಂದು ನಾನು ಅಂದೇಬಿಟ್ಟೆ. ಅವರು ತಪ್ಪು ಮಾಡಿರಲಿಕ್ಕಿಲ್ಲ ಎಂಬ ನಂಬಿಕೆ ನನ್ನದು. ನಿಜ ತಿಳಿದರೆ ಅವರ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟಕ್ಕೇ ಓಡಿತ್ತು.

ಟಾರ್ಪಾಲು ಎಳೆದೆವು. ಮೊದಲು ಬೇರೆ ಬ್ಯಾಟರಿ ಕೊಟ್ಟು ವೈರುಗಳನ್ನೂ, ಕಿಡಿಗೆ ಬೇಕಾದ ಕರೆಂಟು ಕೊಡುವ ಕಾಯಿಲನ್ನೂ ಒಂದೊಂದಾಗಿ ಪರೀಕ್ಷಿಸಿದರು. ಎಲ್ಲ ಸರಿಯಾಗಿತ್ತು. ಟ್ಯಾಂಕಿನ ಕಡೆ ಅವರು ನೋಡಲೂ ಇಲ್ಲ, ಕೆಮ್ಮದೆ ನಿಂತ ಗಾಡಿಯಲ್ಲವೇ. ಆಮೇಲೆ ನನಗೆ ಬೆನ್ನು ಮಾಡಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಆ ಬೆನ್ನು ಅಲುಗಲೇ ಇಲ್ಲ. ಮರಳು ಕಾಗದ ಕೇಳಿದರು, ಪಾಯಿಂಟ್ ಉಜ್ಜಿದ ಸದ್ದು ಕೇಳಿಸಿತು, ಮುಚ್ಚಳ ಮುಚ್ಚಿ, ಡಿಸ್ಟ್ರಿಬ್ಯೂಟರನ್ನು ಎಂಜಿನ್ನಿನಿಂದ ಕಳಚಿ ನನ್ನ ಕೈಗೆ ಕೊಟ್ಟರು.

"ಸ್ಕ್ರೂ ಸಡಿಲ ಆಗಿತ್ತು ಪುಟ್ಟಿ. ನನ್ ಕೈದೇ ತಪ್ಪು. ಈಗ ಬಿಗಿದಿದೀನಿ, ಹೋಗಿ ಕೂರ್ಸು."

ಅವರು ನಲ್ಲಿಯ ಕಡೆ ಹೋದರು. ನಾನು ನರ್ಸಮ್ಮನ ಕಾರಿನ ಹತ್ತಿರ ಬಂದು, ಕಣ್ಣಲ್ಲಿ ನೋಡದೆ ಏನನ್ನೂ ಕೂರಿಸಬಾರದು ಎಂದು ಅವರೇ ಹಾಕಿಕೊಟ್ಟ ಅಭ್ಯಾಸದಂತೆ ಮುಚ್ಚಳ ತೆಗೆದೆ.

ಸ್ಕ್ರೂವಿನ ಮೇಲೆ ಗೆರೆಯಿತ್ತು. ಬಿಳಿಯದಲ್ಲ, ಕೆಂಪು. ಬಣ್ಣ ಕಂದಿತ್ತು, ಆದರೆ ತಲೆಯಿಂದ ತಗಡಿನವರೆಗೆ ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಆ ಸ್ಕ್ರೂವನ್ನು ಇವತ್ತೂ ಯಾರೂ ತಿರುಗಿಸಿಲ್ಲ, ಅವತ್ತೂ ಅದು ಸಡಿಲವಾಗಿರಲಿಲ್ಲ.

ವೈರು ಸರಿ, ಕಾಯಿಲ್ ಸರಿ, ಪಾಯಿಂಟ್ ಸರಿ. ಹಾಗಾದರೆ ಎಂಜಿನ್ ತಟ್ಟನೆ ನಿಲ್ಲುವುದಕ್ಕೆ ಉಳಿದ ದಾರಿ ಕೀಲಿಯೊಂದೇ. ಅದನ್ನು ತಿರುಗಿಸಬಲ್ಲ ಕೈ ಆ ಕಾರಿನಲ್ಲಿ ಒಂದೇ ಇತ್ತು. ಗೋಡೆ ನೋಡುತ್ತಾ ಕೂತಿರುತ್ತಿದ್ದ ಅಪ್ಪನ ಕೈ. ಮುಚ್ಚಳ ಮುಚ್ಚಿ, ಕಿಡಿ ಬೀಳುವ ಟೈಮಿಂಗ್ ನೋಡಿ ಕೂರಿಸಿದೆ. ನರ್ಸಮ್ಮ ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಯಿತು. ಆಕೆ ನಗುತ್ತಾ ಹೊರಟುಹೋದರು.

"ಮುಚ್ಚಳ ತೆಗ್ದು ನೋಡ್ದ್ಯಾ?" ದೊಡ್ಡಪ್ಪ ನಲ್ಲಿಯ ಹತ್ತಿರದಿಂದಲೇ ಕೇಳಿದರು.

"ಇಲ್ಲ," ಎಂದೆ.

ಅವರು ಮತ್ತೆ ಕೈ ತೊಳೆಯತೊಡಗಿದರು. ಅಮ್ಮನಿಗೂ ತಿಳಿಸಿಬಿಡು, ನನ್ನದೇ ತಪ್ಪು ಎಂದು ಹೇಳು ಅಂದರು.

ಅಮ್ಮ ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದಳು. ಅಪ್ಪನ ಕಾರು ಬಿಚ್ಚಿದೆವು, ಸ್ಕ್ರೂ ಸಡಿಲವಾಗಿತ್ತಂತೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟೆಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಹಾಗಾದ್ರೆ ನಿಮ್ಮಪ್ಪ ತಾವಾಗೇ ನಿಲ್ಸಿದ್ದಲ್ಲ, ಅಲ್ವೇನೇ?"

ಇಷ್ಟು ವರ್ಷ ಇವಳ ಎದೆಯಲ್ಲಿದ್ದದ್ದು ಇದು. ಭಾವನ ಮುಖ ನೋಡಿ ಮಾತಾಡಿದರೆ ಇದೇ ಮಾತು ಬಾಯಿಗೆ ಬಂದೀತೆಂದು ಹೆದರಿದ್ದಳು.

"ಅಲ್ಲಮ್ಮ," ಎಂದೆ. "ಸ್ಕ್ರೂನೇ ಸಡಿಲ ಆಗಿತ್ತು."

ದೊಡ್ಡಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿಟ್ಟ ತಟ್ಟೆಗಳಲ್ಲಿ ಒಂದನ್ನು ತೆಗೆದುಕೊಂಡಳು. ನನ್ನನ್ನು ದಾಟಿ ಹೋಗಿ, ನೇರ ಅವರಿಗೇ ಹೇಳಿದಳು.

"ಬನ್ನಿ ಭಾವ, ಊಟ ಆರ್ತಾ ಇದೆ."