ಸರ್ವಮಂಗಳಾ ಮೇಡಂ ಅವರ ಲೋಟ

ಅಗ್ರಹಾರದ ನಮ್ಮ ಶಾಲೆಯ ಸ್ಟಾಫ್‌ರೂಮಿನ ಕಪಾಟಿನಲ್ಲಿ ಖಾಯಂ ಶಿಕ್ಷಕರ ಕಾಫಿ ಲೋಟಗಳು ಬೇಸಿಗೆಯಿಡೀ ಧೂಳು ತಿನ್ನುತ್ತಾ ಕೂತಿರುತ್ತಿದ್ದವು. ಸರ್ವಮಂಗಳಾ ಮೇಡಂ ಲೋಟ ಮಾತ್ರ ಅಲ್ಲಿರುತ್ತಿರಲಿಲ್ಲ. ಅವರು ತಾತ್ಕಾಲಿಕ ಕನ್ನಡ ಟೀಚರ್. ರಜೆಗೆ ಮುಂಚೆ ಅವರನ್ನು ಕೆಲಸದಿಂದ ಬಿಡುಗಡೆ ಮಾಡಿ ಜೂನ್‌ನಲ್ಲಿ ಮತ್ತೆ ಕರೆಯುವುದು ಪದ್ಧತಿ. ರಜೆಯ ಸಂಬಳ ಉಳಿಸುವ ಉಪಾಯ, ಇನ್ನೇನು! ಕೊನೆಯ ದಿನ ಮೇಡಂ ಲೋಟ ತೊಳೆದು, ಸೆರಗಿನಲ್ಲಿ ಒರೆಸಿ, ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

"ಇಲ್ಲೇ ಬುಡಿ ಮೇಡಂ, ನಿಮ್ಮ ಲೋಟ ಯಾರು ಕದ್ಕೊಂಡೋಗ್ತಾರೆ?" ಎಂದು ಡ್ರಿಲ್ ಟೀಚರಾದ ನಾನು ರೇಗಿಸುತ್ತಿದ್ದೆ.

"ಬೇಡ ಕಣ್ರೀ ಕುಸುಮ. ಜೂನ್‌ನಲ್ಲಿ ಕರೀದೆ ಹೋದ್ರೆ, ಲೋಟ ಕೊಡಿ ಅಂತ ಬಂದು ನಿಲ್ಲೋಕೆ ನಾಚಿಕೆ ಆಗುತ್ತೆ."

ಕೂದಲು ನರೆತ ಮೇಲೆ ಅವರ ಕೆಲಸ ಖಾಯಂ ಆಯಿತು. ಆಗಲೂ ಪ್ರತಿ ಬೇಸಿಗೆ ಲೋಟ ಮನೆಗೆ ಹೋಗುವುದು ತಪ್ಪಲಿಲ್ಲ. ಅಷ್ಟರಲ್ಲಿ ನಿವೃತ್ತಿ ಬಂತು. ಪಿಂಚಣಿ ಕೇಳಿದರೆ ಕಚೇರಿಯವರು, ಖಾಯಂ ಆದ ಮೇಲಿನ ಸೇವೆ ಸಾಲದು, ಹಿಂದಿನದು ವರ್ಷವರ್ಷವೂ ತುಂಡಾಗಿದೆ, ಸೇರಿಸಲಾಗದು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಮೇಡಂ ಮದುವೆಯಾದವರಲ್ಲ. ವಿದ್ಯಾರಣ್ಯಪುರಂನಲ್ಲಿ ತಮ್ಮ ಪ್ರಭುಸ್ವಾಮಿಯ ಮನೆಯಲ್ಲಿದ್ದಾರೆ. ಆತ ಒಳ್ಳೆಯವನೇ. "ಆದ್ರೂ ಬಿಪಿ ಮಾತ್ರೆ ತೀರಿದಾಗಲೆಲ್ಲ ಅವನ ಮುಖ ನೋಡಬೇಕಲ್ಲ ಕಣ್ರೀ" ಎಂದು ಒಂದು ದಿನ ಅತ್ತೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಪಟ್ಟು ಹಿಡಿದು ಮೇಲ್ಮನವಿ ಹಾಕಿಸಿದೆ, ವಿಚಾರಣೆಗೂ ಜೊತೆಯಲ್ಲೇ ಹೋದೆ.

ಅಧಿಕಾರಿ ಮೆತ್ತಗಿನ ಮನುಷ್ಯ. "ಏನಮ್ಮಾ, ಪ್ರತಿ ವರ್ಷ ಕೆಲಸ ಬಿಟ್ಟು ಹೋಗಿದೀರಲ್ಲ?" ಎಂದರು.

"ಬಿಟ್ಟೋಗಿದ್ದಲ್ಲ ಸಾರ್, ಬಿಡಿಸಿ ಕಳಿಸಿದ್ದು!" ಎಂದು ನಾನು ಬಾಯಿ ಹಾಕಿದೆ.

"ನೀವು ಸುಮ್ನಿರಿ, ಅವರು ಹೇಳ್ಲಿ. ರಜೇಲಿ ಬೇರೆ ಕಡೆ ಕೆಲಸ ಮಾಡ್ತಿದ್ರಾ ಅಮ್ಮಾ?"

"ಇಲ್ಲ ಸಾರ್. ಬೋಗಾದಿ ಕಡೆ ಒಂದು ಶಾಲೆಯವ್ರು ರಜೆ ಮುಗಿದ್ಮೇಲೆ ಬಂದು ಸೇರ್ಕೊಳ್ಳಿ ಅಂತ ಕರೆದಿದ್ರು. ಹೋಗ್ಲಿಲ್ಲ."

"ಯಾಕೆ?"

"ಅಲ್ಲಿ ಸೇರ್ಕೊಂಡ್ಮೇಲೆ ನಮ್ಮ ಶಾಲೆಯಿಂದ ಕರೆ ಬಂದ್ರೆ? ಅರ್ಧಕ್ಕೆ ಆ ಮಕ್ಕಳನ್ನ ಬಿಟ್ಟು ಬರೋಕಾಗುತ್ತಾ ಸಾರ್?"

"ಮತ್ತೆ, ಆ ರಜೆಗಳಲ್ಲೆಲ್ಲ ಏನು ಮಾಡ್ತಿದ್ರಿ?"

"ಜೂನ್‌ಗೆ ಕಾಯ್ತಿದ್ದೆ ಸಾರ್."

ಅಧಿಕಾರಿ ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ಇಷ್ಟು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಪ್ರತಿ ಬೇಸಿಗೆ ನಾನು ಮಾವಿನಕಾಯಿ ಉಪ್ಪಿನಕಾಯಿ ಹಾಕುತ್ತಿದ್ದಾಗ ಈ ಹೆಂಗಸು ಹೀಗೆ ಕಾಯುತ್ತಿತ್ತಲ್ಲ!

ಆದೇಶ ಬಂದದ್ದೂ ಜೂನ್‌ನಲ್ಲೇ. ಶಿಕ್ಷಕಿ ತಾವಾಗಿ ಕೆಲಸ ಬಿಟ್ಟಿಲ್ಲ, ಆದ್ದರಿಂದ ಹಿಂದಿನ ಸೇವೆಯನ್ನೂ ಸೇರಿಸಿ ಪಿಂಚಣಿ ಕೊಡತಕ್ಕದ್ದು ಎಂದಿತ್ತು. ಸುದ್ದಿ ಕೇಳಿ ನಾನು ಅವರ ಮನೆಗೆ ಓಡಿಹೋದರೆ, ಮೇಡಂ ಇಸ್ತ್ರಿ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಶಾಲೆಗೆ ಹೋಗಿ ಬರೋಣ, ನಡೀರಿ."

ಸ್ಟಾಫ್‌ರೂಮಿನಲ್ಲಿ ಎಲ್ಲ ಹೊಸಬರು, ಅಷ್ಟರಲ್ಲಿ ನಾನೂ ನಿವೃತ್ತಳಾಗಿದ್ದೆ. ಮೇಡಂ ನಮಸ್ಕಾರ ಮಾಡಿ ನೆಟ್ಟಗೆ ಕಪಾಟಿನ ಹತ್ತಿರ ಹೋದರು. ಚೀಲದಿಂದ ಲೋಟ ತೆಗೆದು, ಉಳಿದ ಲೋಟಗಳನ್ನು ಕೊಂಚ ಸರಿಸಿ, ನಡುವೆ ಇಟ್ಟರು.

"ಯಾರ್ದು ಮೇಡಂ ಇದು?" ಎಂದು ಹೊಸ ಟೀಚರೊಬ್ಬಳು ಕೇಳಿದಳು.

"ನಂದೇ ಕಣಮ್ಮ. ಇಲ್ಲೇ ಇರ್ಲಿ."

ಗೇಟು ದಾಟುವಾಗ ಖಾಲಿ ಚೀಲ ಕೊಡವಿ ತೋರಿಸಿ, ಮಗುವಿನ ಹಾಗೆ ನಕ್ಕರು. ನಾನು ರಸ್ತೆಯಲ್ಲೇ ಅತ್ತುಬಿಟ್ಟೆ.